ನಾಯಿಗೆ ಓಟ ಬೇಕು, ಮೊಲದ ಜೀವ ಯಾಕ?

“ಮನಿಯಾಗ ಕೆಲ್ಸ ಇಲ್ಲೇನವಾ ನಿನಗ?” ಅಂತ ವಾರದಾಗ ನಾಕು ಸರ್ತಿ ಯಾರಾದ್ರೂ ಕೇಳ್ತಾರ. ಓಣಿ ದೊಡ್ಡಮ್ಮ ಕೇಳ್ತಾರ, ಹಾಲಿನಾಂವ ಕೇಳ್ತಾನ, ದೇವದುರ್ಗದ ಕಡೆ ತವರಮನಿಗೆ ಹೋದ್ರ ಅಣ್ಣ ಕೇಳ್ತಾನ. ಕೆಲ್ಸ ಅದ್ರಿ. ಎರಡು ಹೊತ್ತಿನ ರೊಟ್ಟಿ, ಅತ್ತಿಯವರ ಗುಳಿಗಿ, ಮಗಳ ಶಾಲಿ ಡಬ್ಬಿ, ನಳ ಬಂದ ದಿನ ತುಂಬೋ ಕೊಡ, ಎಲ್ಲಾ ಅದಾವ. ಅದರ ನಡುವೆ ನಾಯಿ ಓಡ್ಸೋದು, ಬೀದಿ ನಾಯಿಗೆ ಸೂಜಿ ಹಾಕಿಸೋದು, ಕೌದಿ ಹೊಲಿಯೋದು ಇವನ್ನೂ ಇಟ್ಕೊಂಡೀನಿ. ಗಂಡಸ್ರು ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಎರಡು ತಾಸು ಇಸ್ಪೀಟ್ ಆಡಿದ್ರ ಅದು ಬ್ಯಾಸರಕಿ ಕಳಿಯೋದಂತ. ಹೆಣ್ಮಗಳು ಒಂದು ತಾಸು ನಾಯಿ ಹಿಂದ ಓಡಿದ್ರ ಅದು ಕೆಲ್ಸ ಇಲ್ಲದ್ದಂತ. ಇರ್ಲಿ, ಆ ಜಗಳ ಇನ್ನೊಂದು ದಿನ ಮಾಡೋಣ.

ಇವತ್ತಿನ ಜಗಳ ಬ್ಯಾರೆ ಅದ. ಯುಗಾದಿ ಹತ್ರ ಬಂತು. ತವರೂರಾಗ ಮೊಲದ ಬೇಟೆ ಮಾತು ಸುರುವಾಗ್ಯದ. ಈ ಸಲ ಅಣ್ಣನ ಮಗ, ಹದಿನಾಲ್ಕು ವರ್ಷದ ಹುಡುಗ, ತನ್ನ ನಾಯಿ ತಗೊಂಡು ತಾನೂ ಹೋಗ್ತೀನಿ ಅನ್ನಾಕತ್ತಾನ. ಅಣ್ಣ ಹೂಂ ಅಂದಾನ. ನಾ ಬ್ಯಾಡ ಅಂದೆ. “ಕೊಟ್ಟ ಹೆಣ್ಣು ನೀ, ಊರಿನ ರೂಢಿ ಸುದ್ದಿ ನಿನಗ್ಯಾಕ?” ಅಂದ. ಬಾಯಿಲೆ ಹೇಳಿದ್ರ ಕೇಳೋರಿಲ್ಲ, ಅದಕ್ಕ ಬರಿಯಾಕತ್ತೀನಿ. ನಾ ಹೇಳೋದು ಇಷ್ಟ: ನಮ್ಮ ಭಾಗದ ನಾಯಿಗೆ ಓಟ ಬೇಕು, ನಮ್ಮ ಹುಡುಗರಿಗೆ ಆಟ ಬೇಕು, ಊರಿಗೆ ಹಬ್ಬ ಬೇಕು. ಈ ಮೂರಕ್ಕೂ ಮೊಲದ ಜೀವ ಬೇಕಾಗಿಲ್ಲ.

ಮೊದ್ಲ ನನ್ನ ವಾರ ಹೆಂಗ ಹೋಗ್ತದ ಹೇಳ್ತೀನಿ, ಯಾಕಂದ್ರ ನನ್ನ ವಾದ ಎಲ್ಲಾ ಅದರಾಗಿಂದಾನ ಹುಟ್ಟೇದ.

ನಮ್ಮನಿಯಾಗ ಚೆನ್ನಿ ಅಂತ ಮೂರು ವರ್ಷದ ಮುಧೋಳ ಹೆಣ್ಣು ನಾಯಿ ಅದ. ದಿನಾ ಮುಂಜಾನಿ ಐದಕ್ಕ ಅದನ್ನ ಕರ್ಕೊಂಡು ಮಾವಿನ ಕೆರಿ ಕಡೆ ಹೋಗ್ತೀನಿ. ನಮ್ಮ ರಾಯಚೂರು ಬಿಸಿಲು ನಿಮಗ ಗೊತ್ತಲ್ಲ. ಮುಂಗೈ ಹಿಂಬದಿ ಡಾಂಬರಿಗೆ ಇಟ್ಟು ಐದಾರು ಎಣಿಸೋತನ ತಡಿಯಾಕ ಆಗಲಿಲ್ಲಂದ್ರ ನಾಯಿ ಪಾದಕ್ಕೂ ಆಗಂಗಿಲ್ಲ. ಬ್ಯಾಸಿಗ್ಯಾಗ ಹೊತ್ತೇರಿದ ಮ್ಯಾಲ ನಾಯಿ ಹೊರಗ ತಗದ್ರ ಅದು ಪ್ರೀತಿ ಅಲ್ಲ, ಶಿಕ್ಷಾ. ಮಂಗಳವಾರ ಮಧ್ಯಾಹ್ನ ನಮ್ಮ ಓಣಿ ಏಳು ಮಂದಿ ಹೆಣ್ಮಕ್ಕಳು ಕೂಡಿ ಕೌದಿ ಹೊಲೀತೀವಿ. ಹಳೆ ಸೀರಿ, ಹಳೆ ಧೋತರ, ಮಕ್ಕಳ ಹರಕ ಅಂಗಿ ಎಲ್ಲಾ ಅದರಾಗ ಹೋಗ್ತಾವ. ಬುಧವಾರ ಸಂಜಿಗೆ ನಾಲ್ಕು ಕಾಲೇಜು ಹುಡುಗ್ರ ಜೋಡಿ ಓಣಿ ನಾಯಿಗಳ ಲೆಕ್ಕ ಬರಕೋತೀವಿ: ಯಾವುದಕ್ಕ ಕಿವಿ ತುದಿ ಕತ್ತರಿಸ್ಯಾರ, ಯಾವುದಕ್ಕ ಇಲ್ಲ, ಯಾವುದು ಮರಿ ಹಾಕ್ಯದ, ಯಾವುದು ಕುಂಟಾಕತ್ಯದ. ಕಿವಿ ತುದಿ ಕತ್ತರಿಸಿದ್ರ ಅದಕ್ಕ ಸಂತಾನ ಆಗದಂಗ ಆಪರೇಷನ್ ಆಗ್ಯದ ಅಂತ ಗುರ್ತು. ಇದನ್ನ ಬಾಳ ಮಂದಿ ಯಾರೋ ನಾಯಿಗೆ ಹೊಡದಾರ ಅಂತ ತಿಳಕೋತಾರ. 

ಗುರುವಾರ ಮಾನ್ವಿ ಬಸ್ಸು. ಅಲ್ಲಿ ನಮ್ಮ ನಾದಿನಿ ಅದಾಳ. ಆಕಿ ಓಣ್ಯಾಗ ಹ್ವಾದ ಮಳೆಗಾಲಕ್ಕ ಒಂದು ನಾಯಿ ಮೂರು ಮಕ್ಕಳಿಗೆ ಕಡೀತು. ಮಕ್ಕಳು ಉಳದ್ವು, ಯಾಕಂದ್ರ ಹೊತ್ತಿಗೆ ಸರಿಯಾಗಿ ಸೂಜಿ ಬಿತ್ತು. ಆದ್ರ ಒಬ್ಬ ಹುಡುಗನ ಅಜ್ಜಿ ಗಾಯಕ್ಕ ಮೊದ್ಲ ಖಾರದಪುಡಿ ಒತ್ತಿದ್ಲು. ಇವತ್ತಿಗೂ ಒತ್ತಾರ. ಸುಣ್ಣ ಹಚ್ಚಾರ, ಅರಿಷಿಣ ಹಚ್ಚಾರ, ಸೀಮೆಎಣ್ಣಿ ಸುರೀತಾರ. ಅಕ್ಕಾರ, ಇದೊಂದು ಮಾತು ನೆನಪಿಡ್ರಿ: ನಾಯಿ ಕಚ್ಚಿದ ಗಾಯಕ್ಕ ಹರಿಯೋ ನೀರು, ಸಾಬೂನು, ಹದಿನೈದು ನಿಮಿಷ. ಬ್ಯಾರೆ ಏನೂ ಬ್ಯಾಡ. ಆಮ್ಯಾಲ ನೆಟ್ಟಗ ಸರಕಾರಿ ದವಾಖಾನಿ. ಕಡದ ದಿನ, ಅದರಿಂದ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ಸೂಜಿ ಹಾಕ್ತಾರ. ಒಂದೂ ಬಿಡಬಾರ್ದು. ಈ ರೋಗ ಒಮ್ಮೆ ಮೈಮ್ಯಾಲ ಕಾಣಿಸ್ಕೊಂಡ್ರ ವಾಪಸ್ ಬರೋ ಹಾದಿ ಇಲ್ಲ. ಅದಾದ ಮ್ಯಾಲ ನಾನೂ ನಾದಿನೀನೂ ಗುರುವಾರಕ್ಕೊಮ್ಮೆ ಮನಿ ಮನಿ ತಿರಗಿ ಸಾಕಿದ ನಾಯಿಗೆ ಸೂಜಿ ಹಾಕಿಸ್ಯಾರೋ ಇಲ್ಲೋ ಕೇಳ್ತೀವಿ, ಹಾಕಿಸದವರನ್ನ ಪಶು ದವಾಖಾನಿಗೆ ಕರ್ಕೊಂಡು ಹೋಗ್ತೀವಿ.

ಶನಿವಾರ ಮನಿ ಸ್ವಚ್ಛ. ರವಿವಾರ ದೇವದುರ್ಗ. ಗಬ್ಬೂರು ದಾಟಿ ಹೋಗೋ ಬಸ್ಸಿನಾಗ ಚೆನ್ನೀನ ಹತ್ತಿಸ್ಕೊಳ್ಳಂಗಿಲ್ಲ, ಹಿಂಗಾಗಿ ಮನಿಯವರ ಗಾಡಿ. ಅಲ್ಲಿ ತವರೂರ ಹೊರಗ ಬೆಳಿ ತಗದ ಬಯಲು ಹೊಲದಾಗ ನಾಯಿ ಓಡಸ್ತೀವಿ. ಇದಕ್ಕ ಮುಂದ ಬರ್ತೀನಿ.

ಹಿಂಗ ವಾರ ತುಂಬಿ ಹೋಗ್ತದ. ಈಗ ಬೇಟೆ ವಿಷಯ.

ಯುಗಾದಿ ಆದ ಮ್ಯಾಲ ನಮ್ಮ ಭಾಗದ ಎಷ್ಟೋ ಊರಾಗ ಗಂಡಸ್ರು ನಾಯಿ, ಬಡಿಗಿ, ಬಲಿ ತಗೊಂಡು ಅಡವಿ ಹೊಲ ಹೊಗ್ತಾರ. ಆ ಹೊತ್ತಿಗೆ ಜ್ವಾಳ, ಕಡ್ಲಿ ಎಲ್ಲಾ ಕಿತ್ತಿರ್ತಾವ, ನೆಲ ಬರಿದಾಗಿರ್ತದ. ಮೊಲಕ್ಕ ಅಡಗಾಕ ಒಂದು ಪೊದಿ, ಒಂದು ಬದು ಬಿಟ್ರ ಏನಿಲ್ಲ. ನಮ್ಮ ಮೊಲ ಬಿಲ ತೋಡೋ ಪ್ರಾಣಿ ಅಲ್ಲ. ಹುಲ್ಲಿನಾಗ ಮೈ ಅಂಟಿಸ್ಕೊಂಡು ಕುಂಡ್ರೋದು, ಹತ್ರ ಬಂದ್ರ ಜಿಗದು ಓಡೋದು, ಅದಕ್ಕ ಇರೋ ಉಪಾಯ ಇಷ್ಟ. ಮರಿ ಹುಟ್ಟಿದಾಗಲೇ ಮೈತುಂಬ ಕೂದ್ಲ, ಕಣ್ಣು ತೆರದಿರ್ತಾವ. ತಾಯಿ ಅವನ್ನ ಹುಲ್ಲಿನಾಗ ಬಿಟ್ಟು ಹೋಗಿ, ಕತ್ತಲಾದ ಮ್ಯಾಲ ಬಂದು ಹಾಲು ಕುಡಸ್ತದ. ವರ್ಷದಾಗ ಯಾವ ಕಾಲಕ್ಕೂ ಮರಿ ಹಾಕ್ತದ. ಅಂದ್ರ ಬೇಟೆ ದಿನ ತಾಯಿ ಸತ್ರ ಮರಿಗಳು ಎಲ್ಲೋ ಒಂದು ಬದುವಿನಾಗ ಸುಮ್ಮನ ಕುಂತು ಸಾಯ್ತಾವ. ಕೋಲಿಗೆ ಕಟ್ಟಿದ ಮೊಲ ಎಣಿಸಿ ಹಿಂಗ ಹೊಡದ್ವಿ, ಹಂಗ ಹೊಡದ್ವಿ ಅನ್ನೋರು ಆ ಮರಿಗಳ ಲೆಕ್ಕ ಹಿಡಿಯಂಗಿಲ್ಲ.

ಕಾನೂನು ಏನನ್ನತದ ಅದೂ ಕೇಳ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲ ಹೊಡಿಯೋದು ಅಪರಾಧ. ಹಬ್ಬಕ್ಕ ರಿಯಾಯಿತಿ ಇಲ್ಲ, ಊರ ದೈವ ಒಪ್ಪ್ಯದ ಅಂದ್ರ ರಿಯಾಯಿತಿ ಇಲ್ಲ. 2025ರ ಯುಗಾದಿ ಹೊತ್ತಿಗೆ ನಮ್ಮ ಜಿಲ್ಲೆದಾಗ, ತುರ್ವಿಹಾಳದಾಗ, ಹೊಡದ ಮೊಲಗಳನ್ನ ಮೆರವಣಿಗಿ ಮಾಡಿದ್ದಕ್ಕ ಕೇಸ್ ಆಗಿದ್ದು ಪೇಪರಿನಾಗೆಲ್ಲಾ ಬಂತು. ಮೊದ್ಲ ಬೇಟೆ ಊರಿನಾಗ ನಡದು ಊರಿನಾಗೇ ಮುಗೀತಿತ್ತು. ಈಗ ಹಂಗಲ್ಲ. ಹುಡುಗ್ರು ಕೈಯಾಗ ಮೊಬೈಲ್ ಹಿಡ್ಕೊಂಡೇ ಹೋಗ್ತಾರ, ತಮ್ಮ ವಿಡಿಯೋ ತಾವ ಹಾಕ್ತಾರ, ತಮ್ಮ ಮ್ಯಾಲಿನ ಸಾಕ್ಷಿ ತಾವ ಕೊಡ್ತಾರ. ಅಣ್ಣಾ, ನಿನ್ನ ಮಗ ಮುಂದ ಪೊಲೀಸ್ ನೌಕರಿಗೋ ಮಿಲಿಟರಿಗೋ ಹೋಗ್ಬೇಕಂತ ಈಗಿಂದ ಓಡಾಕ ಹತ್ಯಾನ. ಒಂದು ದಿನದ ಉಮೇದಿಗೆ ಅವನ ಹೆಸರು ಠಾಣ್ಯಾಗೋ ಅರಣ್ಯ ಇಲಾಖಿ ಕಡತದಾಗೋ ಬರಸ್ತೀಯೇನು?

“ರೂಢಿ ಅದ, ಹಿರೇರು ಮಾಡ್ಕೊಂಡು ಬಂದಾರ” ಅನ್ನೋದು ಮೊದಲನೇ ಉತ್ತರ. ಹಿರೇರ ಮಾತು ತಗದ್ರ ಪೂರ್ತಿ ತಗೀಬೇಕಲ್ಲ? ನಮ್ಮ ಜಿಲ್ಲೆ ಮಸ್ಕಿಯಾಗ ಅಶೋಕನ ಶಾಸನ ಅದ. 1915ರಾಗ ಅದು ಸಿಕ್ಕ ಮ್ಯಾಲಾನ ‘ದೇವಾನಾಂಪ್ರಿಯ’ ಅಂದ್ರ ಅಶೋಕನೇ ಅಂತ ದೇಶಕ್ಕ ಖಾತ್ರಿ ಆಯ್ತು. ಅದೇ ಅಶೋಕ ತನ್ನ ಎಂಟನೇ ಬಂಡೆ ಶಾಸನದಾಗ ಏನು ಬರೆಸ್ಯಾನ ಅಂದ್ರ, ಹಿಂದಿನ ರಾಜರು ವಿಹಾರಯಾತ್ರಿ ಅಂತ ಹೋಗಿ ಬೇಟೆ ಆಡ್ತಿದ್ರು, ತಾನು ಅದರ ಬದ್ಲಿ ಧರ್ಮಯಾತ್ರಿ ಹಿಡದೆ ಅಂತ. ಇದರಾಗ ನನಗ ಹಿಡಿಸಿದ್ದು ಏನಂದ್ರ, ಆತ ಯಾತ್ರಿ ಬಿಡಲಿಲ್ಲ, ಅರಮನ್ಯಾಗ ಕುಂಡ್ರಲಿಲ್ಲ. ಹೊರಗ ಹೋಗೋದು ಇಟ್ಕೊಂಡ, ಕೊಲ್ಲೋದು ಬಿಟ್ಟ. ಎರಡು ಸಾವಿರದ ಮ್ಯಾಲ ಎರಡು ನೂರು ವರ್ಷದ ಹಿಂದ ಒಬ್ಬ ರಾಜನ ಕೈಲೆ ಆಗಿದ್ದು ನಮ್ಮ ಕೈಲೆ ಯಾಕ ಆಗಂಗಿಲ್ಲ?

ಇನ್ನ ಹಂಪಿ ಕಥಿ ಹೇಳಾಕ ನಮ್ಮ ಕಡೆ ಯಾರೂ ಹಿಂದ ಬೀಳಂಗಿಲ್ಲ. ಬೇಟೆ ನಾಯಿಗಳನ್ನ ಒಂದು ಮೊಲ ತಿರುಗಿ ಅಟ್ಟಿಸ್ಕೊಂಡು ಹೋಯ್ತು, ಇದು ಗಂಡು ಮೆಟ್ಟಿದ ನೆಲ ಅಂತ ಅಲ್ಲೇ ರಾಜಧಾನಿ ಕಟ್ಟಿದ್ರು ಅಂತ. ಕಥಿ ಖರೇನೋ ಸುಳ್ಳೋ, ಅದರಾಗ ಮರ್ಯಾದಿ ಯಾರಿಗೆ ಸಿಕ್ಕದ ನೋಡ್ರಿ. ಮೊಲಕ್ಕ! ಆ ಕಥಿ ಹೇಳಿ ಮೀಸಿ ತಿರುವೋರು ಮರುದಿನ ಇಪ್ಪತ್ತು ನಾಯಿ ಬಿಟ್ಟು ಒಂದು ಮೊಲ ಹರಸ್ತಾರಂದ್ರ ಏನನ್ನಬೇಕು?

ಅಣ್ಣ ಓದಿದಾಂವ. ಆತ ಆತಕೂರ ಶಾಸನ ಮುಂದಿಟ್ಟ. “ಹತ್ತನೇ ಶತಮಾನದಾಗ ಕಾಳಿ ಅನ್ನೋ ಬೇಟೆ ನಾಯಿ ಕಾಡುಹಂದಿ ಜೋಡಿ ಕಾದಾಡಿ ಸತ್ತಾಗ ಮಣಲೇರ ಅದಕ್ಕ ಕಲ್ಲು ನಿಲ್ಲಿಸಿದ. ಕನ್ನಡದಾಗ ನಾಯಿಗೆ ವೀರಗಲ್ಲು ಸಿಕ್ಕದ, ಬೇಟೆಯಿಂದಾನ ಸಿಕ್ಕದ” ಅಂದ. ಒಪ್ಪೇನಿ ಅಣ್ಣಾ. ಆದ್ರ ಅಲ್ಲಿ ಕಾಳಿ ಎದುರಿಗೆ ಇದ್ದದ್ದು ತಿರುಗಿ ತಿವಿಯೋ ಹಂದಿ. ನಾಯೀನೂ ಸತ್ತಿತು, ಹಂದೀನೂ ಸತ್ತಿತು. ಜೋಡಿ ಸಮ ಇತ್ತು. ಇಲ್ಲಿ ಒಂದು ಹಿಂಡು ನಾಯಿ, ಒಂದು ಹಿಂಡು ಮನುಷ್ಯಾರು, ಎದುರಿಗೆ ಎರಡು ಮೂರು ಕಿಲೋದ ಒಂದು ಜೀವ. ಇದಕ್ಕ ಯಾವ ಕಲ್ಲು ನಿಲ್ಲಸ್ತಿ? ಅದೂ ಅಲ್ಲದ, ಮಣಲೇರ ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ. ನೀವು ಬೇಟ್ಯಾಗ ಕಾಲು ಮುರದ ನಾಯಿನ ಏನು ಮಾಡ್ತೀರಿ? ಬೇಲಿ ತಂತಿಗೆ ಎದಿ ಹರ್ಕೊಂಡ ನಾಯಿ, ಬಾವಿಗೆ ಬಿದ್ದ ನಾಯಿ, ಹೊಲಕ್ಕ ಬಿಟ್ಟ ಕರೆಂಟ್ ತಂತಿ ತುಳಿದ ನಾಯಿ, ಅವಕ್ಕೆಲ್ಲಾ ಯಾರು ಏನು ನಿಲ್ಲಿಸ್ಯಾರ? ಬ್ಯಾಸಿಗಿ ಮುಗಿಯೋದ್ರಾಗ ಅವು ಬಸ್ ಸ್ಟ್ಯಾಂಡ್ ಮುಂದ ಎಲುಬಿನ ಗೂಡಾಗಿ ಅಡ್ಡಾಡ್ತಾವ. ಬುಧವಾರದ ನಮ್ಮ ಪಟ್ಟ್ಯಾಗ ಅಂಥ ಉದ್ದ ಮೋತಿ ನಾಯಿ ಮೂರು ಅದಾವ.

ಎರಡನೇ ಉತ್ತರ: “ಬೇಟೆ ನಾಯಿ ಅದ ಅವ್ವಾ, ಓಡಲಿಲ್ಲಂದ್ರ ಅದು ಸಾಯ್ತದ.” ಈ ಮಾತಿನಾಗ ಅರ್ಧ ಖರೇ ಅದ. ಮುಧೋಳ ನಾಯಿ ಅಂದ್ರ ಓಟಕ್ಕ ಹುಟ್ಟಿದ್ದು. ಉದ್ದ ಮೋತಿ, ಆಳವಾದ ಎದಿ, ಒಳಗ ಸೇರಿದ ಹೊಟ್ಟಿ, ಬಿಲ್ಲಿನಂಥ ಬೆನ್ನು. ಮುಧೋಳದ ಘೋರ್ಪಡೆ ರಾಜಾ ಮಾಲೋಜಿರಾವ್ ಸಾಕಿ ಬೆಳೆಸಿದ ತಳಿ ಇದು. ಬ್ರಿಟಿಷ್ ದೊರಿ ಐದನೇ ಜಾರ್ಜ್‌ಗೂ ಒಂದು ಜೋಡಿ ಕೊಟ್ಟಿದ್ರಂತ. 2005ರಾಗ ಇದರ ಚಿತ್ರದ ಅಂಚೆ ಚೀಟಿ ಬಂತು. ಮುಧೋಳ ತಾಲೂಕಿನ ತಿಮ್ಮಾಪುರದಾಗ ಬೀದರಿನ ಪಶು ವಿಶ್ವವಿದ್ಯಾಲಯದವರು ಇದಕ್ಕಂತ ಕೇಂದ್ರ ನಡಸ್ತಾರ. 2020ರ ಆಗಸ್ಟಿನಾಗ ಪ್ರಧಾನಿ ‘ಮನ್ ಕೀ ಬಾತ್’ನಾಗ ಹೆಸರು ಹೇಳಿದ ಮ್ಯಾಲಂತೂ ಇದರ ಸುದ್ದಿ ದೇಶಕ್ಕೆಲ್ಲಾ ಆಯ್ತು. ಇಂಥ ನಾಯಿನ ಮೂರು ಮೊಳ ಸರಪಳಿಗೆ ಕಟ್ಟಿ ಹಾಕೋದು ಪಾಪನೇ. ಇದರಾಗ ನಾನೂ ಅಣ್ಣನ ಪಕ್ಷ.

ಆದ್ರ ಉಳದರ್ಧ ಕೇಳ್ರಿ. ಈ ನಾಯಿ ಮೂಗಿನಿಂದ ಬೇಟೆ ಆಡಂಗಿಲ್ಲ, ಕಣ್ಣಿನಿಂದ ಆಡ್ತದ. ಅದಕ್ಕ ಬೇಕಾದ್ದು ಮೊಲ ಅಲ್ಲ, ಮುಂದ ಮುಂದ ಜಿಗದು ಓಡೋ ಏನಾದ್ರೂ ಒಂದು. ಇದನ್ನ ಬ್ಯಾರೆ ದೇಶದಾಗ ಐವತ್ತು ವರ್ಷದ ಹಿಂದೇ ತಿಳಕೊಂಡ್ರು. ಅಮೆರಿಕದಾಗ 1970ರ ದಶಕದ ಸುರುವಿಗೆ ಕ್ಯಾಲಿಫೋರ್ನಿಯಾದ ಕೆಲವು ನಾಯಿ ಸಾಕೋರು ಹೊಲದಾಗ ಮೊಲದ ಹಿಂದ ನಾಯಿ ಬಿಟ್ಟು, ಅವು ತಂತಿ ಬೇಲಿಗೆ ಬಡದು ಗಾಯ ಮಾಡ್ಕೊಳ್ಳೋದು ನೋಡಿ ಸಾಕಾಗಿ, ಒಂದು ಬಿಳಿ ಪ್ಲಾಸ್ಟಿಕ್ ಚೀಲ ದಾರಕ್ಕ ಕಟ್ಟಿ, ಮೋಟಾರಿನಿಂದ ಎಳದು, ಅದರ ಹಿಂದ ನಾಯಿ ಬಿಟ್ರು. ನಾಯಿ ಅಷ್ಟೇ ಉಮೇದಿನಿಂದ ಓಡಿದ್ವು. 1972ರಾಗ ಅದಕ್ಕಂತ ಸಂಘ ಕಟ್ಟಿದ್ರು. ಅದಕ್ಕ ‘ಲೂರ್ ಕೋರ್ಸಿಂಗ್’ ಅಂತಾರ. ಇಂಗ್ಲೆಂಡಿನಾಗ ಮೊಲದ ಹಿಂದ ನಾಯಿ ಬಿಡೋ ಪಂದ್ಯ ನೂರಾರು ವರ್ಷದ ರೂಢಿ. 2004ರ ಕಾಯ್ದೆಯಿಂದ ಅದೂ ನಿಂತು ಹೋಯ್ತು. ನಾಯಿಗಳೇನು ಸಾಯಲಿಲ್ಲ.

ನಮ್ಮ ಹತ್ರ ಮೋಟಾರ್ ಇಲ್ಲ. ಸೈಕಲ್ ಅದ. ಹಳೆ ಸೈಕಲ್ ತಿರುವಿ ಹಾಕಿ, ಹಿಂದಿನ ಗಾಲಿ ಟೈರು ಬಿಚ್ಚಿ, ಆ ರಿಮ್ಮಿಗೆ ನೂರು ಮೀಟರ್ ನೈಲಾನ್ ದಾರ ಸುತ್ತಾಕ ಹಚ್ಚೀವಿ. ದಾರದ ತುದಿಗೆ ಕೌದಿ ಹೊಲದು ಉಳದ ಬಿಳಿ ಚಿಂದಿ ಗಂಟು. ಒಬ್ಬ ಹುಡುಗ ಪೆಡಲ್ ಕೈಲೆ ತಿರುವಿದ್ರ ಆ ಗಂಟು ನೆಲದ ಮ್ಯಾಲ ಜಿಗ್ಯಾಕೋತ ಬರ್ತದ, ಥೇಟ್ ಮೊಲದಂಗ. ಮೊದಲನೇ ರವಿವಾರ ಚೆನ್ನಿ ಅದರ ಬೆನ್ನು ಹತ್ತಿದ್ದು ನೋಡಿ ಹೊಲದಾಗ ಕಳೆ ತಗಿಯೋ ಹೆಣ್ಮಕ್ಕಳು ಕುಡಗೋಲು ಬಿಟ್ಟು ಸೆರಗು ಬೀಸಿದ್ರು. ಈಗ ಪ್ರತಿ ರವಿವಾರ ಒಂಬತ್ತು ಹತ್ತು ನಾಯಿ ಬರ್ತಾವ. ಅಣ್ಣನ ಮಗನ ನಾಯೀನೂ ಬರ್ತದ, ಅವನ ಕೈಯಾಗೇ ಅದ ಪೆಡಲ್. ಅಲ್ಲಿ ಮನಸ್ಸು ತುಂಬಿ ನಗೋ ಹುಡುಗನ ಕೈಗೆ ಯುಗಾದಿ ದಿನ ಬಡಿಗಿ ಕೊಡ್ತೀವಿ ಅಂತೀರಲ್ಲ, ಅದು ನನಗ ತಡಿಯಾಕ ಆಗಂಗಿಲ್ಲ.

ನಮ್ಮ ಓಟಕ್ಕ ನಿಯಮ ಅದಾವ. ಹೊತ್ತೇರೋದ್ರಾಗ ಮುಗೀಬೇಕು. ಒಂದು ಸಲಕ್ಕ ಒಂದೇ ನಾಯಿ, ಜಗಳ ಇಲ್ಲ. ಒಂದೂವರೆ ವರ್ಷ ತುಂಬದ ನಾಯಿನ ಜೋರು ಓಡಸಂಗಿಲ್ಲ, ಎಲುಬು ಬಲ್ತಿರಂಗಿಲ್ಲ. ಓಡೋ ಮೊದ್ಲ ಪಾದ ನೋಡಬೇಕು, ಓಡಿದ ಮ್ಯಾಲ ನೆರಳು, ಸ್ವಲ್ಪ ಸ್ವಲ್ಪ ನೀರು. ರೊಕ್ಕದ ಬಾಜಿ ಕಟ್ಟಂಗಿಲ್ಲ. ಗೆದ್ದ ನಾಯಿಗೆ ಬಹುಮಾನ ಒಂದು ಸಣ್ಣ ಕೌದಿ, ಮಲ್ಕೊಳ್ಳಾಕ. ಎಲ್ಲಾಕ್ಕಿಂತ ದೊಡ್ಡ ನಿಯಮ: ರೇಬಿಸ್ ಸೂಜಿ ಚೀಟಿ ಇಲ್ಲದ ನಾಯಿಗೆ ಓಟ ಇಲ್ಲ.

ಇದೊಂದು ನಿಯಮ ಏನು ಮಾಡ್ಯದ ಗೊತ್ತೇನು? ಮಾನ್ವ್ಯಾಗ ನಾನೂ ನಾದಿನೀನೂ ಮನಿ ಬಾಗಿಲಿಗೆ ಹೋಗಿ ಕೈ ಮುಗದು ಕೇಳಿದ್ರೂ “ನಮ್ಮ ನಾಯಿ ಯಾರಿಗೂ ಕಚ್ಚಂಗಿಲ್ಲ ಬಿಡವಾ” ಅಂತ ಬಾಗಿಲು ಹಾಕ್ಕೊಂಡೋರು ಅದಾರ. ತವರೂರಾಗ ಯಾರನ್ನೂ ಕೇಳಬೇಕಾಗಲಿಲ್ಲ. ಓಟಕ್ಕ ಬಿಡಂಗಿಲ್ಲ ಅಂದಕೂಡ್ಲೆ ಹುಡುಗ್ರು ತಮ್ಮ ನಾಯಿ ತಾವ ಕಟ್ಕೊಂಡು ಪಶು ದವಾಖಾನಿಗೆ ಹೋದ್ರು. ಒಂದು ಪ್ರದೇಶದಾಗ ನೂರಕ್ಕ 70 ನಾಯಿಗೆ ಸೂಜಿ ಬಿದ್ರ ಈ ರೋಗದ ಸರಪಳಿ ಕಡೀತದ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳ್ತಾರ. ಮನುಷ್ಯಾರಿಗೆ ಬರೋ ರೇಬಿಸ್ ನೂರಕ್ಕ 99 ನಾಯಿಯಿಂದಾನ ಬರ್ತದ. 2030ರೊಳಗ ನಾಯಿಯಿಂದ ಬರೋ ರೇಬಿಸ್ ಇಲ್ಲದಂಗ ಮಾಡ್ತೀವಿ ಅಂತ ನಮ್ಮ ಸರಕಾರ ಗುರಿ ಇಟ್ಕೊಂಡದ. ಆ ಗುರಿ ಗೋಡಿ ಬರಹದಿಂದ ಮುಟ್ಟಂಗಿಲ್ಲ. ಆಟದಿಂದ ಮುಟ್ಟಬಹುದು. ಊರಿನ ಹವ್ಯಾಸ ಊರಿನ ಕೆಲ್ಸ ಆಗೋದು ಹಿಂಗ.

ಮೂರನೇ ಉತ್ತರ: “ಕೋಳಿ ತಿಂತೀರಿ, ಕುರಿ ತಿಂತೀರಿ, ಮೊಲಕ್ಕ ಯಾಕ ಅಳ್ತೀರಿ?” ಇದು ಸುಲಭದ ಪ್ರಶ್ನಿ ಅಲ್ಲ, ಅದಕ್ಕ ನೆಟ್ಟಗ ಉತ್ತರ ಕೊಡ್ತೀನಿ. ನಮ್ಮ ತವರಮನಿಯಾಗ ಕೋಳಿ ಕೊಯ್ತಾರ, ನಾ ಅದಕ್ಕ ಮೂಗು ಮುರಿಯಂಗಿಲ್ಲ. ಸಾಕಿದ ಕೋಳಿಗೆ ನೀವು ಕಾಳು ಹಾಕೀರಿ, ಗೂಡು ಕಟ್ಟೀರಿ, ಒಂದು ಕೊಯ್ದ್ರ ಹತ್ತು ಬೆಳೆಸ್ತೀರಿ. ಮೊಲಕ್ಕ ಯಾರು ಏನು ಹಾಕೀರಿ? ಅದು ಯಾರ ಸ್ವತ್ತೂ ಅಲ್ಲ. ಅಡವಿಯಾಗಿನ ತೋಳ, ನರಿ, ಹದ್ದಿನ ಪಾಲು ಅದು. ಪಕ್ಕದ ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಗಳಿಗಂತ ಧಾಮ ಮಾಡ್ಯಾರ. ತೋಳಕ್ಕ ಹೊಲದಾಗ ಮೊಲ ಸಿಗಲಿಲ್ಲಂದ್ರ ಅದು ಎಲ್ಲಿಗೆ ಬರ್ತದ? ಕುರಿ ಹಟ್ಟಿಗೆ. ಬೇಟೆ ಆಡಿದಾಂವ ಮನ್ಯಾಗ ಮಲ್ಕೋತಾನ, ರಾತ್ರಿ ಎದ್ದು ಕಾಯೋದು ಕುರುಬರ ಪಾಲಿಗೆ. ಅದೂ ಅಲ್ಲದ, ಹಸಿವಿಗೆ ಒಂದು ಮೊಲ ಹಿಡದ ಬಡವನ ಮಾತು ಬ್ಯಾರೆ. ಟ್ರ್ಯಾಕ್ಟರ್ ಏರಿ, ಹಲಗಿ ಬಡ್ಕೋತ, ಕೋಲಿಗೆ ಕಟ್ಟಿ ಮೆರವಣಿಗಿ ಮಾಡೋದು ಹಸಿವಲ್ಲ. ಅದು ಡೌಲು.

ಇಷ್ಟು ಹೇಳಿದ ಮ್ಯಾಲ ನಮ್ಮ ಪ್ಯಾಟಿ ಮಂದಿಗೂ ಎರಡು ಮಾತು. “ಹಳ್ಳಿಯವರು ಕ್ರೂರಿಗಳು, ಅವರಿಗೆ ಪ್ರಾಣಿ ಮ್ಯಾಲ ಪ್ರೀತಿ ಇಲ್ಲ” ಅಂತ ಸೋಫಾದ ಮ್ಯಾಲ ಕುಂತು ಹೇಳೋರ ಜೋಡಿ ನಾನಿಲ್ಲ. ನಾಯಿ ನಡಿಗಿ ನೋಡಿ ಯಾವ ಕಾಲಾಗ ಮುಳ್ಳದ ಹೇಳೋ ಮುದುಕರು ಬೇಟೆ ಆಡೋ ಮನ್ಯಾಗಾನ ಅದಾರ. ಮರಿ ಆರಿಸೋದು, ಹಾಲು ಬಿಡಿಸೋದು, ಓಟಕ್ಕ ಹದ ಮಾಡೋದು ಅವರಿಗೆ ಗೊತ್ತಿದ್ದಷ್ಟು ನನಗ ಗೊತ್ತಿಲ್ಲ. ಪ್ಯಾಟ್ಯಾಗ ತೋರಿಕಿಗೆ ಮುಧೋಳ ಮರಿ ತಂದು, ಬಾಲ್ಕನ್ಯಾಗ ಕಟ್ಟಿ, ಅದು ಸೋಫಾ ಹರದ ಕೂಡ್ಲೆ ರಾತ್ರೋರಾತ್ರಿ ಬೈಪಾಸಿನಾಗ ಬಿಟ್ಟು ಬರೋದೂ ಕ್ರೌರ್ಯನೇ. ಹಂಗೇ, ಮನಿ ಮುಂದ ಬಿಸ್ಕೀಟ್ ಹಾಕಿ ಪುಣ್ಯ ಕಟ್ಕೊಂಡು, ಆಪರೇಷನ್ ಮಾಡಸಾಕ, ಸೂಜಿ ಹಾಕಸಾಕ ಮಾತ್ರ “ಅದು ನಗರಸಭೆ ಕೆಲ್ಸ” ಅನ್ನೋದೂ ಸರಿ ಅಲ್ಲ. ಕೆಲ್ಸ ಅವರದೇ, 2023ರ ನಿಯಮದಾಗ ಹಂಗೇ ಅದ. ಆದ್ರ ಯಾವ ಓಣ್ಯಾಗ ಯಾವ ನಾಯಿ ಅದ ಅನ್ನೋದು ನಮಗ ಗೊತ್ತಿರ್ತದ, ಅವರಿಗಲ್ಲ. 2025ರ ಆಗಸ್ಟಿನಾಗ ಸುಪ್ರೀಂ ಕೋರ್ಟು ಬೀದಿ ಬೀದ್ಯಾಗ ಅನ್ನ ಹಾಕಬಾರ್ದು, ಅದಕ್ಕಂತ ಗೊತ್ತು ಮಾಡಿದ ಜಾಗದಾಗಾನ ಹಾಕಬೇಕು ಅಂತ ಹೇಳ್ಯದ. ಆ ಜಾಗ ಯಾವುದು ಅಂತ ಓಣಿಯವರು ಕುಂತು ಮಾತಾಡಿದ್ರ ಅರ್ಧ ಜಗಳ ಮುಗೀತದ.

ಪ್ರಾಣಿ ಆಟ ಅಂದ್ರ ಎಲ್ಲಾನೂ ಬಂದ್ ಆಗ್ತದ ಅನ್ನೋ ಅಂಜಿಕಿ ಊರಾಗ ಅದ. ಹಂಗಿಲ್ಲರಿ. ನಮ್ಮ ರಾಯಚೂರಿನಾಗಾನ ನೋಡ್ರಿ, ಪ್ರತಿ ವರ್ಷ ಕಾರ ಹುಣ್ಣಿಮಿಗೆ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡ್ತಾರ. ರಾಜೇಂದ್ರ ಗಂಜಿನಾಗ ಎತ್ತುಗಳು ಭಾರದ ಕಲ್ಲು ಎಳಿಯೋದು ನೋಡಾಕ ಆಂಧ್ರ, ತೆಲಂಗಾಣದಿಂದ ಎತ್ತು ಬರ್ತಾವ, ಮಂದಿ ಬರ್ತಾರ. ಅಲ್ಲಿ ಗೆಲ್ಲೋದು ಎತ್ತಿನ ಬಲ, ಅದನ್ನ ಸಾಕಿದ ರೈತನ ಮರ್ಯಾದಿ. ಯಾವ ಪ್ರಾಣೀನೂ ಸಾಯಬೇಕಾಗಿಲ್ಲ, ಆದ್ರೂ ಯಾರೂ ಅದನ್ನ ಸಪ್ಪಗದ ಅನ್ನಂಗಿಲ್ಲ. ಕಂಬಳ, ಎತ್ತಿನ ಗಾಡಿ ಓಟಕ್ಕ ನಮ್ಮ ರಾಜ್ಯ 2017ರಾಗ ಕಾಯ್ದೆ ತಿದ್ದುಪಡಿ ಮಾಡ್ತು. 2023ರ ಮೇ 18ಕ್ಕ ಸುಪ್ರೀಂ ಕೋರ್ಟು ಅದನ್ನ ಎತ್ತಿ ಹಿಡೀತು. ನಿಯಮ ಇದ್ದ ಆಟ ಕೋರ್ಟಿನಾಗೂ ನಿಲ್ತದ. ಮೊಲದ ಬೇಟೆ ಯಾವ ಕೋರ್ಟಿನಾಗೂ ನಿಲ್ಲಂಗಿಲ್ಲ. ಎರಡರಾಗ ಯಾವುದನ್ನ ಮಕ್ಕಳ ಕೈಗೆ ಕೊಡ್ತೀರಿ, ನೀವ ಹೇಳ್ರಿ.

ಕೊಟ್ಟ ಹೆಣ್ಣಿಗೆ ತವರೂರ ಸುದ್ದಿ ಯಾಕ ಅಂತ ಕೇಳಿದ್ಯಲ್ಲ ಅಣ್ಣಾ, ಅದಕ್ಕೂ ಹೇಳ್ತೀನಿ. ಬೇಟೆ ಗಂಡಸ್ರ ಹಬ್ಬ. ಆದ್ರ ಅದರ ಬೆನ್ನ ಹಿಂದಿನ ಕೆಲ್ಸ ಎಲ್ಲಾ ನಮ್ಮದು. ನಾಯಿಗೆ ವರ್ಷಪೂರ್ತಿ ನುಚ್ಚು ಕಾಸಿ ಹಾಕೋದು ಅತ್ತಿಗಿ. ಗಾಯ ಆದಾಗ ಅರಬಿ ಸುತ್ತಿ ಕುಂಡ್ರೋದು ಅವ್ವ. ಕೇಸಾದ್ರ ಠಾಣಿ ಮುಂದ ಸೆರಗು ಒಡ್ಡೋದು ಹೆಂಡ್ತಿ. ಮಗಳ ಓಲಿ ಅಡ ಇಟ್ಟು ವಕೀಲರ ಫೀಸು ಕಟ್ಟೋದೂ ಹೆಣ್ಮಕ್ಕಳ ಪಾಲು. ಕೆಲ್ಸದಾಗ ಪಾಲು ಇದ್ದೋರಿಗೆ ಮಾತಿನಾಗೂ ಪಾಲು ಇರ್ತದ. ಈ ಮಾತು ನಾ ಒಬ್ಬಾಕಿ ಆಡಿಲ್ಲ, ಅತ್ತಿಗೀನೂ ಆಡ್ಯಾಳ. ಆಕಿ ಮೆಲ್ಲಕ ಆಡ್ಯಾಳ, ನಿನಗ ಕೇಳಿಸಿಲ್ಲ.

ಅದಕ್ಕ ಈ ಯುಗಾದಿಗೆ ನಾ ಕೇಳೋದು ಇಷ್ಟ. ಬೇಟೆಗೆ ಹೋಗೋ ಅಣ್ಣ ತಮ್ಮಂದಿರು ತಮ್ಮ ನಾಯಿ ತಗೊಂಡು ಹಬ್ಬದ ಮರುದಿನ ಬಯಲು ಹೊಲಕ್ಕ ಬರ್ಲಿ. ಅಡವಿ ಬಲ್ಲ ಹಿರೇರು ಬಡಿಗಿ ಮನ್ಯಾಗಿಟ್ಟು ನಿರ್ಣಾಯಕರಾಗಿ ಕುಂಡ್ರಲಿ, ಯಾವ ನಾಯಿ ಚೆಂದ ತಿರುಗಿತು, ಯಾವುದರ ಉಸುರು ಗಟ್ಟಿ ಅದ ಅವರ ಹೇಳಲಿ. ಪಂಚಾಯಿತಿಯವರು ಒಂದು ಟ್ಯಾಂಕರ್ ನೀರು, ಒಂದು ಪೆಂಡಾಲು ಕೊಡ್ಲಿ. ಪಶು ದವಾಖಾನಿಯವರನ್ನ ಕರಸಿ ಅಲ್ಲೇ ಸೂಜಿ ಹಾಕಿಸೋಣ. ಹಲಗಿ ಬಡೀರಿ, ಗುಲಾಲು ಹಾರಿಸ್ರಿ, ಯಾರು ಬ್ಯಾಡ ಅಂದಾರ? ಮಾನ್ವಿಯಿಂದ ನಾದಿನಿ ತನ್ನ ಓಣಿ ಹೆಣ್ಮಕ್ಕಳನ್ನ ಕರ್ಕೊಂಡು ಬರ್ತೀನಿ ಅಂದಾಳ. ನಮ್ಮ ರಾಯಚೂರು ಓಣಿಯವರು ಒಗ್ಗರಣಿ ಮಿರ್ಚಿ ಹೊಣಿ ಹೊತ್ತಾರ. ಕೌದಿ ಹನ್ನೆರಡು ಹೊಲದು ತಯಾರ್ ಅದಾವ, ಹದಿಮೂರನೇದು ನಡದದ. ಸೈಕಲ್ ಪೆಡಲ್ ತಿರುವೋ ಹುಡುಗ ಯಾರು ಅಂತ ಅಣ್ಣನ ಮನ್ಯಾಗ ಕೇಳ್ರಿ. ನಾಯಿ ತರ್ರಿ, ಸೂಜಿ ಚೀಟಿ ತರ್ರಿ. ಮೊಲನ್ನ ಅದರ ಬದುವಿನಾಗ ಬಿಟ್ಟು ಬರ್ರಿ.